ಬಾಯಿ ಕಟ್ಟಿದವರ ಮನೆ

ಮಂಗಳವಾರ, ಮಧ್ಯಾಹ್ನ

ನನ್ನ ಹಟಮಾರಿ ಅಕ್ಕನಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ನಿನ್ನನ್ನು ಬೈಯಬೇಕು. ಫೋನಿನಲ್ಲಿ ಬೈದರೆ "ಒಲೆ ಮೇಲೆ ಹಾಲಿದೆ ಕಣೆ, ಇಡ್ತೀನಿ" ಅಂತ ತಪ್ಪಿಸಿಕೊಳ್ಳುತ್ತೀಯ. ಕಾಗದವಾದರೆ ಕೊನೆಯವರೆಗೂ ಓದದೆ ಇರಲಾರೆ.

ಭಾನುವಾರ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವಲ್ಲ, ಭಾವ ಏನೋ ತಮಾಷೆ ಮಾಡುತ್ತಿದ್ದರು. ನೀನು ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಗಳ ಮರೆಯಲ್ಲಿ ಕೂತು, ತಟ್ಟೆಯಲ್ಲಿ ಬೆರಳಾಡಿಸಿ ಕೈಯನ್ನು ಬಾಯಿಗೆ ಒಯ್ದೆ. ಅಕ್ಕ, ಆ ತಟ್ಟೆಯಲ್ಲಿ ಏನೂ ಇರಲಿಲ್ಲ. ಅಲ್ಲಿ ಕೂತಿದ್ದವಳು ನೀನಲ್ಲ, ಅಮ್ಮ. ಅದೇ ಬಗ್ಗಿಸಿದ ಕತ್ತು, ಅದೇ ಸುಳ್ಳು ಅಗಿಯುವಿಕೆ.

ನಮ್ಮ ಮನೆಯವರಿಗೆ ಮಿತ ಅನ್ನುವುದೇ ಗೊತ್ತಿಲ್ಲ. ತಿಂದರೆ ಹೊಟ್ಟೆ ಬಿರಿಯುವಷ್ಟು, ಬಿಟ್ಟರೆ ಸನ್ಯಾಸಿಯ ಹಾಗೆ. ಈಗ ನಿನಗಿರುವ ಇದೇ ಸಕ್ಕರೆ ಕಾಯಿಲೆ ಬಂದಾಗ ಅಮ್ಮನಿಗೆ ಎಲ್ಲರೂ ಬಾಯಿ ಕಟ್ಟು ಅಂದರು, ಅವಳು ಕಟ್ಟಿಯೇಬಿಟ್ಟಳು. ರಿಪೋರ್ಟಿನಲ್ಲಿ ಸಕ್ಕರೆ ಇಳಿದಾಗಲೆಲ್ಲ ನೆಂಟರು ಭೇಷ್ ಅಂದರು, ನಾವೂ ಅಂದೆವು. ಮಾತ್ರೆಯನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಅಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ ಎಂದು ನಮಗೆ ತಿಳಿದದ್ದು, ಅವಳು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮತ್ತೆ ಎತ್ತದೆ ಹೋದಾಗ.

ಆಮೇಲೆ ಅವಳು ನನ್ನ ಮನೆಗೆ ಬಂದಳು. ನಗಬೇಡ. ನಾನು ಅಚ್ಚಿನಮನೆಯಲ್ಲಿ ಕರಡು ತಿದ್ದುವವಳು, ಇಲ್ಲದ್ದನ್ನು ಇದೆ ಅಂತ ಓದುವ ಜಾಯಮಾನ ನನ್ನದಲ್ಲ. ಆದರೂ ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಎಳೆಯುವ ಸದ್ದು, ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ತಿರುಗಿದರೆ ಯಾರೂ ಇಲ್ಲ. ಭಾನುವಾರದಿಂದ ಅದೂ ನಿಂತಿದೆ. ಅವಳು ನಿನ್ನಲ್ಲಿಗೆ ಬಂದಿದ್ದಾಳೆ ಅನ್ನಿಸಿ ನನಗೆ ನಿದ್ದೆ ಹತ್ತುತ್ತಿಲ್ಲ.

ಅವತ್ತು ಪಾತ್ರೆ ತೊಳೆಯುತ್ತಾ ನೀನೇ ಅಂದೆಯಲ್ಲ, "ಹಸಿದಾಗ ಅಮ್ಮ ಪಕ್ಕದಲ್ಲೇ ನಿಂತಂಗಿರುತ್ತೆ ಕಣೆ, ಊಟ ಮಾಡಿದ್ರೆ ಹೊರಟೋಗ್ತಾಳೆ" ಅಂತ. ಅದು ಅಮ್ಮನಲ್ಲ ಅಕ್ಕ. ಸಕ್ಕರೆ ಇಳಿದಾಗ ತಲೆ ಹಾಗೆ ಆಟವಾಡಿಸುತ್ತದೆ. ಅಮ್ಮನೇ ಆದರೂ ಸರಿ, ಊಟ ಮಾಡಿ ಅವಳನ್ನು ಹೋಗಲು ಬಿಡು.

ನಿನ್ನೆ ಆಸ್ಪತ್ರೆಯ ಆಹಾರ ಸಲಹೆಗಾರ್ತಿಯನ್ನು ಕಂಡು ಬಂದೆ. ಮಾತಿನಮಲ್ಲಿ ಆಕೆ. "ಉಪವಾಸ ಇರೋದು ಪಥ್ಯ ಅಲ್ಲಮ್ಮ" ಅಂದಳು. ತಟ್ಟೆಯ ಅರ್ಧ ಸೊಪ್ಪು ತರಕಾರಿ ಇರಬೇಕಂತೆ. ಉಳಿದರ್ಧದಲ್ಲಿ ಒಂದು ಪಾಲು ಕಾಳೋ ಮೊಟ್ಟೆಯೋ, ಇನ್ನೊಂದು ಪಾಲು ಅನ್ನ. ಹೌದು, ಅನ್ನ! ನೀನು ಶತ್ರುವಿನಂತೆ ನೋಡುವ ಅದೇ ಅನ್ನ. ಹಣ್ಣನ್ನು ಹಿಂಡಿ ಕುಡಿಯದೆ ಕಚ್ಚಿ ತಿನ್ನಬೇಕು. ಎಲ್ಲಕ್ಕಿಂತ ಮುಖ್ಯ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಕೈ ನಡುಗಿ ಬೆವರಿದರೆ ತಕ್ಷಣ ಸಕ್ಕರೆ ನೀರು ಕುಡಿಯಬೇಕು ಅಂದಾಗ "ಸಕ್ಕರೆಯಾ?" ಅಂದೆ. "ಪ್ರಾಣ ಹೋಗೋ ಹೊತ್ತಲ್ಲಿ ಪಥ್ಯ ನೋಡ್ತಾರೇನಮ್ಮ?" ಅಂತ ನನಗೇ ಗದರಿದಳು. ನಿನ್ನ ಮಾತ್ರೆ ಹೆಚ್ಚಾಗಿದೆಯೋ ಏನೋ, ಈ ವಾರವೇ ಡಾಕ್ಟರನ್ನು ಕೇಳು. ನೀನಾಗಿಯೇ ನಿಲ್ಲಿಸಬೇಡ.

ನನಗೆ ಉಳಿದಿರುವ ತವರು ನೀನೊಬ್ಬಳೇ. ಇದನ್ನು ಇನ್ನೊಂದು ಸಲ ಬರೆಸಬೇಡ.

ನಿನ್ನ ಜಗಳಗಂಟಿ,
ತಂಗಿ

ಮರೆತ ಮಾತು: ಸಲಹೆಗಾರ್ತಿಯ ಬಳಿ ಹೋದದ್ದು ಬರೀ ನಿನ್ನ ಸಲುವಾಗಿ ಅಲ್ಲ. ಹೋದ ವರ್ಷದಿಂದ ನನಗೂ ಈ ಕಾಯಿಲೆ ಇದೆ. ಹೇಳಿದ್ದರೆ ನನಗೆ ಬುತ್ತಿ ಕಳಿಸಿ ನೀನು ಉಪವಾಸ ಕೂರುತ್ತಿದ್ದೆ, ಅದಕ್ಕೇ ಮುಚ್ಚಿಟ್ಟೆ. ನಾನೂ ನಿನ್ನಂತೆಯೇ ಊಟ ಬಿಡುತ್ತಿದ್ದೆ. ಭಾನುವಾರದಿಂದ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಅಳುತ್ತಲೇ. ಅಮ್ಮನನ್ನು ಒಂಟಿ ಮಾಡುತ್ತಿದ್ದೇವೆ ಅಂತ ನನಗೂ ಅನ್ನಿಸುತ್ತದೆ. ಇರಲಿ ಅಕ್ಕ. ಇನ್ನೂ ಒಂದಷ್ಟು ಕಾಲ ಅವಳು ಅಲ್ಲಿ ಒಬ್ಬಳೇ ಇರಲಿ.