ದಬ್ಬಿದ ಕಾರಲ್ಲ ಅದು

ಸಿಂಧನೂರು
ಡಿಸೆಂಬರ್ ೧೯೯೮, ಸೋಮವಾರ

ಗೆಳೆಯ ದಸ್ತಗೀರ್‌ಸಾಬನಿಗೆ ಗ್ಯಾನಪ್ಪನ ಸಲಾಮು. ಕ್ಷೇಮಸಮಾಚಾರ ಆಮೇಲೆ. ಮೊದಲು ಜಗಳ.

ಎಸ್‌ಟಿಡಿ ಬೂತಿನಿಂದ ಮಾತಾಡಬಹುದಿತ್ತು. ಆದರೆ ಕಾರಿನ ಮಾತು ತೆಗೆದ ಕೂಡಲೇ ನೀನು ಫೋನು ಕೆಳಗಿಡುತ್ತೀ. ಎಂಟು ವರ್ಷದಿಂದ ನೋಡುತ್ತಿದ್ದೇನೆ. ಅದಕ್ಕೇ ಈ ಕಾಗದವನ್ನು ಲಿಂಗಸುಗೂರಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಸೀದಾ ಹಸೀನಾಬೀಗೇ ಮುಟ್ಟಿಸಬೇಕೆಂದು ಹೇಳಿದ್ದೇನೆ. ನೀನು ಓದಿ ಮುಗಿಸುವವರೆಗೆ ನಿನ್ನ ಹೆಂಡತಿ ಎದುರಿಗೇ ಕೂತಿರುತ್ತಾರೆ. ಹರಿದು ಒಲೆಗೆ ಹಾಕುವ ಯೋಚನೆ ಬಿಡು.

ಹೋದ ವಾರ ಇಮಾಮ್‌ಸಾಬನ ಮನೆಯ ಮದುವೆಗೆ ಬಂದಾಗ ಅವರೇ ನನ್ನ ಅಂಗಡಿಯ ಮುಂದೆ ನಿಂತು ಹೇಳಿದರು: "ಅಣ್ಣಾ, ಬರೋ ಶುಕ್ರವಾರ ಗುಜರಿಯವ್ರಿಗೆ ಬರಾಕ ಹೇಳ್ಯಾರ. ಜಾಗ ಬೇಕಂತ. ಜಾಗ ಅಲ್ಲಣ್ಣಾ, ಅದು ಕಣ್ಣಿಗೆ ಬೀಳಬಾರ್ದು, ಅಷ್ಟ."

ನಮ್ಮ ಕಾರನ್ನು ಗುಜರಿಗೆ ಹಾಕುತ್ತೀಯಾ? ನನ್ನನ್ನು ಒಂದು ಮಾತು ಕೇಳದೆ? ಅದರ ಮೋಟಾರು ನಿನ್ನದು, ಒಪ್ಪಿದೆ. ಆದರೆ ಅದರ ಬಗ್ಗೆ ಊರೂರು ತಿರುಗಿ ಬೈಸಿಕೊಂಡ ಬಾಯಿ ನನ್ನದು. ಅದಕ್ಕೂ ಒಂದು ಹಕ್ಕಿದೆ.

ಹೇಗೆ ಶುರುವಾಯಿತೆಂದು ಮರೆತಿದ್ದರೆ ನಾನು ನೆನಪಿಸುತ್ತೇನೆ, ಮರೆಯುವ ಅಭ್ಯಾಸ ನನಗಿಲ್ಲ. ನೀನು ಗಣಿಯ ಕೆಲಸ ಬಿಟ್ಟು ಬಂದು ಮಸ್ಕಿ ರಸ್ತೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದೆ. ಪಕ್ಕದಲ್ಲೇ ನನ್ನ ಪೇಪರ್ ಏಜೆನ್ಸಿ. ಹಂಚುವ ಮೊದಲು ಎಲ್ಲ ಪೇಪರನ್ನೂ ಓದುವುದು ನನ್ನ ಚಟ, ಓದಿದ್ದನ್ನು ನಿನಗೆ ಹೇಳುವುದು ಇನ್ನೊಂದು ಚಟ. ಒಂದು ದಿನ ನಾನು, ೧೮೯೯ರಲ್ಲೇ ಬೆಲ್ಜಿಯಂ ದೇಶದವನೊಬ್ಬ ಬ್ಯಾಟರಿ ಕಾರಿನಲ್ಲಿ ತಾಸಿಗೆ ನೂರು ಕಿಲೋಮೀಟರು ದಾಟಿದ್ದನಂತೆ, ಆಮೇಲೆ ಪೆಟ್ರೋಲಿನವರು ಬಂದು ಜಗತ್ತು ಅದನ್ನು ಮರೆತೇಬಿಟ್ಟಿತು ಎಂದು ಸಿಟ್ಟಿನಿಂದ ಹೇಳುತ್ತಿದ್ದೆ. ನೀನು ಆಸಿಡ್ಡಿನ ಕೈ ತೊಳೆಯುತ್ತ ತಣ್ಣಗೆ, "ಮರ್ತಿಲ್ಲಲೇ, ನೆಲದಾಗ ಹೂತಿಟ್ಟಾರ" ಅಂದೆ. ಗಣಿಯ ಸುರಂಗದಲ್ಲಿ ಹೊಗೆ ಬಿಟ್ಟರೆ ಜನ ಸಾಯುತ್ತಾರೆ, ಅದಕ್ಕೆ ಅಲ್ಲಿ ಕಲ್ಲಿನ ಬಂಡಿಗಳನ್ನು ಎಳೆಯುವುದು ಬ್ಯಾಟರಿ ಎಂಜಿನ್ನೇ ಎಂದು ವಿವರಿಸಿದೆ. ನೆಲದೊಳಗೆ ಕಲ್ಲು ಎಳೆಯುವಂಥದ್ದು ನೆಲದ ಮೇಲೆ ಮನುಷ್ಯನನ್ನು ಎಳೆಯದೆ? ಇದನ್ನು ಕೇಳಿದವನು ನಾನೋ ನೀನೋ, ಅದೊಂದು ಮಾತ್ರ ನೆನಪಿಲ್ಲ. ಇಬ್ಬರೂ ಒಟ್ಟಿಗೇ ಕೇಳಿರಬೇಕು.

ಬಳಗಾನೂರಿನ ಪಕೀರಪ್ಪ ರೇಡಿಯೇಟರಿಗೆ ನೀರು ಹಾಕದೆ ಓಡಿಸಿ ಎಂಜಿನ್ ಸುಟ್ಟುಕೊಂಡಿದ್ದ ಹಳೇ ಫಿಯೆಟ್ ಕಾರು ಸಿಕ್ಕಿತು. ಗಣಿಯ ಹರಾಜಿನಲ್ಲಿ ನೀನು ಹಿಡಿದು ತಂದ ಮೋಟಾರು ಅದರೊಳಗೆ ಕೂತಿತು. ಎಂಟು ಟ್ರ್ಯಾಕ್ಟರ್ ಬ್ಯಾಟರಿಗಳಲ್ಲಿ ಅರ್ಧ ಮುಂದೆ, ಅರ್ಧ ಡಿಕ್ಕಿಯಲ್ಲಿ. ಭಾರಕ್ಕೆ ಕಾರು ಗಬ್ಬದ ಎಮ್ಮೆಯ ಹಾಗೆ ಕೆಳಗೆ ಜಗ್ಗಿತ್ತು. ಮೊದಲ ಸಲ ಗೊರೇಬಾಳದವರೆಗೆ ಹೋಗಿ ಬಂದೆವಲ್ಲ, ಎರಡೂ ಕಡೆ ಭತ್ತದ ಗದ್ದೆ, ಕಾಲುವೆಯ ನೀರಿನ ಸದ್ದು ಕಾರಿನೊಳಗೆ ಕೂತು ಕೇಳಿಸಿತು. ಕಾರಿನಲ್ಲಿ ಕೂತು ನೀರಿನ ಸದ್ದು ಕೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನೀನು ಕಣ್ಣು ಒರೆಸಿಕೊಂಡೆ, ಧೂಳು ಅಂದೆ.

ಆಮೇಲೆ ನಿನ್ನ ಅಂಗಡಿಯ ಮುಂದೆ ದಿನಾ ಸಂತೆ. ಹೊಸಬರು ಬಂದರೆ ನಮಗೆ ಎಂಥ ಹುರುಪು! ನೀನು ಬಾನೆಟ್ ತೆಗೆದು ತೋರಿಸುವುದು, ನಾನು ಬೆಲ್ಜಿಯಂನಿಂದ ಶುರುಮಾಡುವುದು. ಬೆಲ್ಜಿಯಂ ಮುಗಿಯುವುದರೊಳಗೆ ನೀನು ಅವರನ್ನು ಕೂರಿಸಿಕೊಂಡು ಹೋಗಿಯೇ ಬಿಡುತ್ತಿದ್ದೆ. ಗೊರೇಬಾಳದ ಗಿಡ್ಡಪ್ಪ ನೆಲಕ್ಕೆ ಬಗ್ಗಿ ಸೈಲೆನ್ಸರ್ ಹುಡುಕಿ, ಸಿಗದೆ, "ಹೊಗಿ ಎಲ್ಲಿ ಬಚ್ಚಿಟ್ಟೀ ಹೇಳ್ಲೇ ಸಾಬಾ" ಎಂದು ನಿನ್ನನ್ನೇ ಕಳ್ಳನನ್ನಾಗಿ ಮಾಡಿದ. ನಮ್ಮ ಓಣಿಯ ಅಮರಮ್ಮ ಕಾರು ಹತ್ತುವ ಮೊದಲು, ಊರಾಗ ಕರೆಂಟ್ ಹೋದರೆ ಇದು ನಡುದಾರಿಯಲ್ಲಿ ನಿಲ್ಲುವುದಿಲ್ಲವೇ ಎಂದು ಕೇಳಿದಳು. ನೀನು ನಗಲಿಲ್ಲ. ಕೊಡದಲ್ಲಿ ನೀರು ತುಂಬಿಕೊಂಡ ಮೇಲೆ ನಳ ನಿಂತರೆ ಕೊಡ ಬರಿದಾಗುತ್ತದೇನವ್ವ ಎಂದು ತಿರುಗಿ ಕೇಳಿದೆ. ಅವಳು ಸಮಾಧಾನವಾಗಿ ಹತ್ತಿ ಕೂತಳು. ನನ್ನ ಬೆಲ್ಜಿಯಂ ಯಾರನ್ನೂ ಹಾಗೆ ಹತ್ತಿಸಲಿಲ್ಲ ಎಂಬುದನ್ನು ಬೇಕಾದರೆ ಇವತ್ತು ಒಪ್ಪಿಕೊಳ್ಳುತ್ತೇನೆ.

ಒಂದೇ ತೊಂದರೆ. ನಮ್ಮ ಕಡೆ ಸದ್ದಿಲ್ಲದೆ ಹೋಗುವ ಗಾಡಿ ಎಂದರೆ ಕೆಟ್ಟ ಗಾಡಿ. ಜೀಪು, ಟೆಂಪೋ, ಯಾವುದೇ ಇರಲಿ, ಬೆಳಗಾದರೆ ದಬ್ಬಿಯೇ ಚಾಲು ಮಾಡುವ ಊರಿದು. ಸುಮ್ಮನೆ ಉರುಳುವ ಗಾಡಿ ಕಂಡರೆ ಸಾಕು, ಚಹಾದ ಕಪ್ಪು ಕೆಳಗಿಟ್ಟು ಓಡಿಬಂದು ಕೈ ಹಚ್ಚುತ್ತಾರೆ. ಯಾರ ಗಾಡಿ, ಯಾವ ಜಾತಿ, ಏನೂ ಕೇಳುವುದಿಲ್ಲ. ನಾವು ಎಷ್ಟು ಸಲ ಕೈಮುಗಿದು ಬಿಡಿಸಿಕೊಂಡಿದ್ದೇವೆ!

೧೯೯೦ರ ಕೊನೆಗೆ, ಕೊಲ್ಲಿಯಲ್ಲಿ ಯುದ್ಧದ ಮೋಡ ಕವಿದು, ಪೆಟ್ರೋಲ್ ಬಂಕಿನ ಮುಂದೆ ಜನ ಬೈದಾಡುತ್ತಿದ್ದ ದಿನಗಳಲ್ಲಿ, ಒಂದು ಪತ್ರಿಕೆಯ ವರದಿಗಾರ ಫೋಟೋದವನನ್ನು ಕರೆದುಕೊಂಡು ಬಂದ. ಸಪಾಟು ರಸ್ತೆಯಲ್ಲಿ ಏನು ದೊಡ್ಡದು, ಮಸ್ಕಿಯ ಹಳ್ಳದ ಸೇತುವೆ ದಾಟಿದ ಮೇಲಿನ ಏರನ್ನು ಹತ್ತಿಸಿ ತೋರಿಸಿ ಅಂದ. ನೀನು ಒಪ್ಪಿದೆ. ಅವರಿಬ್ಬರೂ ಏರಿನ ತುದಿಯಲ್ಲಿ ಕ್ಯಾಮೆರಾ ಹಿಡಿದು ನಿಂತರು. ನೀನು ಸ್ಟೀರಿಂಗಿಗೆ, ನಾನು ಪಕ್ಕಕ್ಕೆ. ಮೊದಲ ಗೇರಿನಲ್ಲಿ ಕಾರು ನಿಧಾನಕ್ಕೆ, ಆದರೆ ಒಂದು ಗಳಿಗೆಯೂ ನಿಲ್ಲದೆ ಹತ್ತತೊಡಗಿತು. ಅಷ್ಟರಲ್ಲಿ ಮಿರ್ಚಿ ಅಂಗಡಿಯ ಮುಂದಿದ್ದವರು ನೋಡಿದರು. ಸದ್ದಿಲ್ಲ, ಹೊಗೆಯಿಲ್ಲ, ಏರಿನಲ್ಲಿ ಮೆಲ್ಲಗೆ ಹೋಗುತ್ತಿರುವ ಕಾರು! ಪಾಪ, ಕೆಟ್ಟಿದೆ ಎಂದು ಎಲ್ಲರೂ ಓಡಿಬಂದರು. ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈ ಬಿಡಿ, ಕೈ ಬಿಡಿ ಎಂದು ಕೂಗಿದಷ್ಟೂ ಅವರು ಅದನ್ನು ನಿನ್ನ ದೊಡ್ಡಸ್ತಿಕೆ ಎಂದುಕೊಂಡರು. "ಇರ್ಲಿ ಬಿಡ್ರಿ ಸಾಬ್ರ, ಸಂಕೋಚ ಯಾಕ, ನಾವದೀವಲ್ಲ!"

ಎರಡು ದಿನದ ಮೇಲೆ ಫೋಟೋ ಬಂತು. ಕಾರಿನ ಹಿಂದೆ ಐದಾರು ಜನ, ಒಬ್ಬ ಹೆಂಗಸು, ಎಲ್ಲರ ಕೈ ಡಿಕ್ಕಿಯ ಮೇಲೆ. 'ಜನ ದಬ್ಬಿದ ಕರೆಂಟ್ ಕಾರು' ಎಂದು ಮೇಲೆ ದಪ್ಪಕ್ಷರ. ಆ ಮನುಷ್ಯ ಏರಿನಿಂದ ಕೆಳಗಿಳಿದು ಬಂದು ಒಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ. ಫೋಟೋ ಇರುವಾಗ ಕೇಳುವುದೇಕೆ?

ಆ ಪತ್ರಿಕೆಯನ್ನು ಸಿಂಧನೂರಿನ ಮನೆಮನೆಗೆ ಹಾಕಬೇಕಾದವನು ನಾನೇ. ಹಾಕಿದೆ. ಆದರೆ ಪ್ರತಿಯೊಂದರ ಒಳಗೂ ನನ್ನ ಕೈಬರಹದ ಚೀಟಿ ಇಟ್ಟು ಹಾಕಿದೆ: 'ಮೂರನೇ ಪುಟದ ಕಾರಿನ ಸುದ್ದಿ ಸುಳ್ಳು. ಮಸ್ಕಿ ರಸ್ತೆಗೆ ಬಂದು ನೀವೇ ಕೂತು ನೋಡಿ.' ಏಜೆನ್ಸಿ ಹೋಯಿತು. ಹೋಗಲಿ. ಇನ್ನೊಮ್ಮೆ ಅಂಥದ್ದು ಬಂದರೆ ಇನ್ನೊಮ್ಮೆ ಚೀಟಿ ಇಡುತ್ತೇನೆ. ಈಗ ಪುಸ್ತಕ ಮಾರಿಕೊಂಡು ಇದ್ದೇನೆ, ಹೊಟ್ಟೆಗೇನೂ ಕಡಿಮೆಯಾಗಿಲ್ಲ.

ನನಗೆ ಬೈದರೆ ನಾನು ಎರಡು ಬೈಯುತ್ತೇನೆ, ನಿದ್ದೆ ಬರುತ್ತದೆ. ನಿನ್ನದು ಹಾಗಲ್ಲ. 'ದಬ್ಬೋ ದಸ್ತಗೀರ' ಎಂದು ಹೆಸರಿಟ್ಟರು. ನಿನ್ನ ಮಗಳ ನಿಕಾಹ್‌ನಲ್ಲಿ, ಮದುಮಗನ ಕಾರು ಹೊರಟಾಗ ಯಾರೋ ಒಬ್ಬ, "ಸಾಬ್ರ, ನಾವೂ ಕೈ ಹಚ್ಚೋಣೇನ್ರಿ?" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ಅದಾದ ತಿಂಗಳೊಳಗೆ ಅಂಗಡಿ ಲಿಂಗಸುಗೂರಿಗೆ ಹೋಯಿತು. ಕಾರಿನ ಮೇಲೆ ತಾಡಪತ್ರಿ ಬಿತ್ತು. ಆ ನಗುವಿಗೆ ನಾನು ನಿನ್ನನ್ನು ಇವತ್ತಿಗೂ ಕ್ಷಮಿಸಿಲ್ಲ. ಅವತ್ತು ನೀನು ಬೈಯಬೇಕಿತ್ತು.

ಮಸ್ಕಿಯ ಗುಡ್ಡದಲ್ಲಿ ಅಶೋಕನ ಹೆಸರು ಕೆತ್ತಿದ ಬಂಡೆ ಇದೆಯಲ್ಲ, ಎರಡು ಸಾವಿರ ವರ್ಷ ಅದರ ನೆರಳಿನಲ್ಲಿ ಆಡು ಮೇಯಿಸಿದರು. ಯಾರಿಗೂ ಓದಲು ಬರಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಬರೆದದ್ದು ಸುಳ್ಳಾಯಿತೇ? ಮಸ್ಕಿಯವರೇ ಅಷ್ಟು ತಾಳಿದ್ದಾರೆ. ನೀನು ಎಂಟು ವರ್ಷಕ್ಕೆ ಗುಜರಿಯವನನ್ನು ಕರೆಯುತ್ತೀ.

ಈಗ ನಿನ್ನೆಯ ಸುದ್ದಿ. ಇದಕ್ಕಾಗಿಯೇ ಈ ಕಾಗದ.

ಎದುರಿಗೇ ನಿಂತು ಜಗಳ ತೆಗೆಯಬೇಕೆಂದು ನಿನ್ನೆ ಬೆಳಗ್ಗೆ ಲಿಂಗಸುಗೂರಿನ ಖಾಸಗಿ ಬಸ್ಸು ಹತ್ತಿದ್ದೆ. ಅದು ಮಸ್ಕಿಯಲ್ಲಿ, ಅದೇ ಏರಿನ ಬುಡದಲ್ಲಿ ಕೆಮ್ಮಿ ನಿಂತುಬಿಟ್ಟಿತು. ಡ್ರೈವರ್ ಎಲ್ಲರನ್ನೂ ಇಳಿಸಿದ. ಸಪಾಟು ಜಾಗದಲ್ಲಿ ನಾವೆಲ್ಲ ಬಸ್ಸಿನ ಬೆನ್ನಿಗೆ ಕೈ ಹಚ್ಚಿದೆವು. ಒಂದು ಮಾರು ಸರಿಯಿತು, ನಿಂತಿತು. ಮತ್ತೆ ದಬ್ಬಿದೆವು. ನನಗೆ ಉಸಿರು ಸಿಕ್ಕುತ್ತಿರಲಿಲ್ಲ, ಆದರೂ ನನ್ನ ಬಾಯಿ ನಿನಗೆ ಗೊತ್ತಲ್ಲ. ಪಕ್ಕದಲ್ಲಿ ಲಿಂಗಸುಗೂರಿನ ಕಾಲೇಜಿನ ನಾಲ್ಕೈದು ಮಂದಿ ಇದ್ದರು. ಇದೇ ಏರನ್ನು ಒಂದು ಹನಿ ಎಣ್ಣೆ ಇಲ್ಲದೆ, ಒಂದು ಸದ್ದಿಲ್ಲದೆ ಹತ್ತಿದ ಕಾರೊಂದಿದೆ ಎಂದು ಅವರಿಗೆ ಶುರುಮಾಡಿದೆ. ಅವರು ಕಿವಿಗೊಟ್ಟರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ನಕ್ಕ: "ಯಾವ್ದು, ಆ ದಬ್ಬೋ ಕಾರೇನ್ರಿ?"

ನಾನು ತಿರುಗಿ ಬೈಯುವ ಮೊದಲೇ ನನ್ನ ಎಡಗಡೆ ನಿಂತು ಬಸ್ಸು ದಬ್ಬುತ್ತಿದ್ದ ಹೆಂಗಸು ಸೆರಗು ಸಿಗಿಸಿಕೊಂಡು ನೆಟ್ಟಗೆ ನಿಂತಳು. ಎಂಟು ವರ್ಷದ ಹಿಂದೆ ಆ ಏರಿನ ಮೇಲೆ ಸೇಂಗಾ ಮಾರುತ್ತಿದ್ದವಳಂತೆ. ಹೆಸರು ಆದಮ್ಮ, ಈಗ ಗುರುಗುಂಟಾದಲ್ಲಿ ಮಗಳ ಮನೆಯಲ್ಲಿದ್ದಾಳೆ.

"ಏ, ಸುಮ್ನಿರು. ಅವತ್ತು ಆ ಕಾರಿಗೆ ಕೈ ಹಚ್ಚಿದಾಕಿ ನಾನು. ಇವತ್ತು ಈ ಬಸ್ಸಿಗೂ ಹಚ್ಚೀನಿ. ದಬ್ಬೋದು ಅಂದ್ರ ಇದು, ರಟ್ಟಿ ಕಿತ್ತು ಬರಾಕತ್ತಾವ. ಅದನ್ನ ಯಾರು ದಬ್ಬ್ಯಾರ? ಕೈ ಹಚ್ಚಿದ್ದ ತಡ, ಅದ ನನ್ನ ಎಳಕೊಂಡು ಹೊಂಟಿತು. ನನ್ನ ಚಪ್ಪಲಿ ಸೈತ ಹಿಂದ ಉಳೀತು."

ದಸ್ತಗೀರ್, ನಾನು ಬಸ್ಸು ಬಿಟ್ಟು ರಸ್ತೆಯ ಮೇಲೇ ಕೂತುಬಿಟ್ಟೆ. ಆಗಲೇ ಯಾಕೆ ಹೇಳಲಿಲ್ಲ ತಾಯಿ ಎಂದು ಕೇಳಿದೆ. "ಯಾರು ಕೇಳ್ಯಾರ? ಕೇಳಿದ್ರ ಹೇಳತಿದ್ನೆಪ್ಪ." ಆ ಮಾತು ಪತ್ರಿಕೆಯವನಿಗೆ ತಾಗಬೇಕಿತ್ತು, ನನಗೂ ತಾಗಿತು. ನಾವೂ ಬೈಯುತ್ತ ಕೂತೆವೇ ಹೊರತು, ಕೈ ಹಚ್ಚಿದವರನ್ನು ಹುಡುಕಲಿಲ್ಲ.

ಅಲ್ಲಿಂದಲೇ ಲಾರಿ ಹತ್ತಿ ಸಿಂಧನೂರಿಗೆ ವಾಪಸ್ ಬಂದೆ. ಪೆಟ್ಟಿಗೆಯ ತಳದಿಂದ ಆ ಹಳೇ ಪೇಪರು ತೆಗೆದೆ. ನೋಡಲಾರದೆ ಎಂಟು ವರ್ಷ ಮಡಿಚಿಟ್ಟಿದ್ದು. ಇದರ ಜೊತೆಗೇ ಕಳಿಸಿದ್ದೇನೆ, ನೀನೂ ನೋಡು, ಕಣ್ಣು ತಿರುಗಿಸಬೇಡ. ಬಸ್ಸು ದಬ್ಬುವಾಗ ನಾವೆಲ್ಲ ನೆಲಕ್ಕೆ ಬಗ್ಗಿದ್ದೆವು, ತಲೆ ತೋಳುಗಳ ನಡುವೆ ಇತ್ತು. ಈ ಫೋಟೋದಲ್ಲಿ ಒಬ್ಬರಾದರೂ ಬಗ್ಗಿದ್ದಾರೆಯೇ? ಎಲ್ಲರೂ ನೆಟ್ಟಗೆ, ಕೈ ಮುಂದೆ ಚಾಚಿ, ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ ಓಡುವವರ ಹಾಗೆ ಓಡುತ್ತಿದ್ದಾರೆ. ಅವರ ಹಿಂದೆ ರಸ್ತೆಯಲ್ಲಿ ಒಂಟಿ ಚಪ್ಪಲಿ ಬಿದ್ದಿದೆ. ಇಡೀ ತಾಲೂಕು ಇದನ್ನು ನೋಡಿ ನಕ್ಕಿತು. ಅವರು ಅಚ್ಚು ಹಾಕಿದ್ದು ನಮ್ಮ ಪರವಾದ ಸಾಕ್ಷಿಯನ್ನೇ.

ಆದ್ದರಿಂದ ಗುಜರಿಯವನನ್ನು ಬರಬೇಡ ಎನ್ನು. ಬ್ಯಾಟರಿಗಳು ಸತ್ತಿವೆ ಎಂಬ ನೆಪ ಬೇಡ, ಸತ್ತಿರುತ್ತವೆ ಎಂದು ನನಗೂ ಗೊತ್ತು. ಇವತ್ತು ಬೆಳಗ್ಗೆ ಗಿಡ್ಡಪ್ಪನಿಗೆ ಎಲ್ಲ ಹೇಳಿದೆ. ಕೊಯ್ಲು ಮುಗಿದಿದೆ, ಗೊರೇಬಾಳದ ಟ್ರ್ಯಾಕ್ಟರುಗಳ ಬ್ಯಾಟರಿ ಬಿಚ್ಚಿಸಿಕೊಂಡು ಗುರುವಾರವೇ ಲಿಂಗಸುಗೂರಿಗೆ ಬರುತ್ತಾನೆ. ಒಂದು ಷರತ್ತು ಹಾಕಿದ್ದಾನೆ: "ಹೊಗಿ ಎಲ್ಲಿ ಬಚ್ಚಿಡ್ತಾನ, ಈ ಸಲ ತೋರಸಬೇಕು." ತೋರಿಸು.

ಶುಕ್ರವಾರ ಕಾರನ್ನು ಮಸ್ಕಿಗೆ ತರೋಣ. ರಾತ್ರಿ ಚಾರ್ಜಿಗೆ ಹಚ್ಚಿ, ಶನಿವಾರ ಬೆಳಗ್ಗೆ ಹಳ್ಳದ ಸಿಂಧನೂರಿನ ಕಡೆಯಿಂದ ತಿರುಗಿಸಿಕೊಂಡು ಏರು ಹತ್ತೋಣ. ಕಾಲೇಜಿನವರು ಬರುತ್ತೇವೆ ಎಂದು ನಿನ್ನೆ ಅಲ್ಲೇ ಹೇಳಿದ್ದಾರೆ, ಆ ನಕ್ಕವನನ್ನೂ ಕರೆದಿದ್ದೇನೆ. ವರದಿಗಾರರನ್ನು ಕರೆದಿಲ್ಲ. ಬೇಕಾದರೆ ಬಂದು ಕೇಳಲಿ. ನನ್ನ ಜಾಗದಲ್ಲಿ, ನಿನ್ನ ಪಕ್ಕದ ಸೀಟಿನಲ್ಲಿ, ಆದಮ್ಮ ಕೂರುತ್ತಾಳೆ. ಜನ ಓಡಿಬರುತ್ತಾರೆ, ಬರದೇ ಇರುವ ಜನವಲ್ಲ ಅದು. ಆದರೆ ಈ ಸಲ ನೀನು ಕೂಗಬೇಕಾಗಿಲ್ಲ. ಅವಳೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳುತ್ತಾಳಂತೆ: "ಕೈ ತೆಗೀರಿ. ಇದು ತಾನ ಹೋಗತೈತಿ."

ತಾಡಪತ್ರಿ ತೆಗೆದಿಡು. ಶನಿವಾರದವರೆಗೆ ನಿಮ್ಮ ಓಣಿಯಲ್ಲೂ ಮಸ್ಕಿಯಲ್ಲೂ ಕರೆಂಟು ಹೋಗದಿರಲಿ. ಹಸೀನಾಬೀಗೆ ನನ್ನ ನಮಸ್ಕಾರ. ನಿನಗೆ, ಏರಿನ ತುದಿಯಲ್ಲಿ.

ಇಂತಿ,
ಬರೆದಿಟ್ಟ ಒಂದು ಚೀಟಿಗೂ ತಲೆ ತಗ್ಗಿಸದ ನಿನ್ನ
ಪೇಪರ್ ಗ್ಯಾನಪ್ಪ