ಐಸ್ ಬಾಕ್ಸಿನೊಳಗೆ ಮೀನು

ಜನವರಿ 12, ಬೆಳಿಗ್ಗೆ 11

ಏಳನೇ ಬಾಟಲಿ ತುಂಬಿತು. ಬೆಳ್ತಂಗಡಿ ಕಡೆಯ ಈ ಹೊಳೆಗುಂಡಿ ಎಷ್ಟು ಚಂದ! ಪ್ರತಿ ಬಾಟಲಿಗೂ ಹೊಸ ಗ್ಲೌಸ್. ಎಂಟನೆಯದು ಬ್ಲ್ಯಾಂಕ್ — ಲ್ಯಾಬಿನ ಶುದ್ಧ ನೀರು, ಅದರಲ್ಲಿ ಏನೂ ಸಿಗಬಾರದು. ಉಳಿದವುಗಳಲ್ಲಿ ಅಳಿವಿನಂಚಿನ ಮಹಶೀರ್ ಮೀನಿನ ಡಿಎನ್‌ಎ ಸಿಕ್ಕಿದರೆ ಅಣೆಕಟ್ಟಿಗಾಗಿ ಗುಂಡಿ ಬತ್ತಿಸುವಂತಿಲ್ಲ. 30ರೊಳಗೆ ರಿಪೋರ್ಟ್ ಕೊಡಬೇಕು.

ಮದುವೆಯಾಗಿ ಇಪ್ಪತ್ತಾರು ದಿನ. ಇರ್ಷಾದ್ ಐಸ್ ಬಾಕ್ಸ್ ಹೊರುತ್ತಿದ್ದಾನೆ. ಮೈ ಹೀರೋ!! ಸೋ ಸೋ ಹ್ಯಾಪಿ.

ಸಂಜೆ 6

ಓ ಗಾಡ್.

ಮಧ್ಯಾಹ್ನ ಗುರುವಾಯನಕೆರೆಯಲ್ಲಿ ಅವನ ಮಾಮಿ ನಫೀಸಮ್ಮನ ಮನೆಯಲ್ಲಿ ಹೊಸ ಜೋಡಿಗೆ ಊಟ. ಫರಂಗಿಪೇಟೆಯ ನಮ್ಮ ಮನೆಗೆ ಬಂದು ಬಾಕ್ಸ್ ತೆರೆದರೆ ಬಾಟಲಿಗಳ ಮೇಲೆ ಬಾಳೆಲೆ ಪೊಟ್ಟಣ. ಕತ್ತರಿಸಿದ ಮೀನು. ಅಂಗೈಯಗಲದ ಹುರುಪೆ... ಮಹಶೀರ್. ರಕ್ತದ ನೀರು ಎಲ್ಲ ಮುಚ್ಚಳಗಳ ಮೇಲೆ.

ಫೋನ್ ಮಾಡಿದೆ. "ಹೊಸ ಮದುಮಗಳನ್ನು ಬರಿಗೈಯಲ್ಲಿ ಕಳಿಸ್ಲಿಕ್ಕುಂಟಾ ಮೋಳೆ? ಐಸ್ ಉಂಟಲ್ಲ, ಅಲ್ಲೇ ಇಟ್ಟೆ. ಆ ಗುಂಡಿಯದ್ದೇ. ನಮ್ಮ ಪಕ್ಕದ ಮನೆ ಉಸ್ಮಾನ್ ನಿಮಗೇಂತ ಹಿಡಿದದ್ದು."

ಫೋನನ್ನು ಉಸ್ಮಾನಾಕನಿಗೆ ಕೊಡಲು ಹೇಳಿದೆ. ಮೀನು ಆ ಗುಂಡಿಯಲ್ಲೇ ಸಿಕ್ಕಿದ್ದೆಂದು ಬರೆದುಕೊಡಿ ಎಂದು ಬೇಡಿದೆ.

"ಎಂತ ಮಾರಾಯ್ತಿ! ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ಬರೆದುಕೊಟ್ರೆ ನನ್ನನ್ನೇ ಒಳಗೆ ಹಾಕ್ತಾರೆ."

ಜನವರಿ 13

ಮತ್ತೆ ನೀರು ತರೋಣವೆಂದರೆ ಪರ್ಮಿಟ್ ನಿನ್ನೆಗೇ ಮುಗಿದಿದೆ. ಬಾಟಲಿಗಳನ್ನು ಬ್ಲೀಚಿನಲ್ಲಿ ಒರೆಸಿದೆ, ಮೂರು ಸಲ. ನನ್ನ ಸಂಶೋಧನೆಯ ಗೈಡ್ ಶಶಿಪ್ರಭಾ ಮೇಡಂ ಹೇಳಿದರು: "ಫಿಲ್ಟರ್ ಮಾಡಿ ಕಳಿಸು. ಬ್ಲ್ಯಾಂಕ್ ಕ್ಲೀನ್ ಬಂದ್ರೆ ನಾವು ಬಚಾವ್."

ಇರ್ಷಾದ್ ಮೆಲ್ಲನೆ, "ಬ್ಲ್ಯಾಂಕ್ ಕಳಿಸದಿದ್ರೆ ಆಗುದಿಲ್ವಾ?"

ಅದಿಲ್ಲದಿದ್ದರೆ ರಿಪೋರ್ಟ್ ಯಾರೂ ಓದುವುದಿಲ್ಲ. ನಾನು ಅತ್ತುಬಿಟ್ಟೆ. ಅವನೂ ಅತ್ತ, ಪಾಪ.

ಜನವರಿ 30

ಎಂಟರಲ್ಲೂ ಮಹಶೀರ್. ಬ್ಲ್ಯಾಂಕಿನಲ್ಲೂ. ಯಾವುದೂ ಲೆಕ್ಕಕ್ಕಿಲ್ಲ.

ಮೀನು ಅಲ್ಲಿ ಇದೆ. ನಾನು ನೋಡಿದ್ದೇನೆ — ಬಾಳೆಲೆಯಲ್ಲಿ.

ಫೆಬ್ರವರಿ 3, ಬೆಳಿಗ್ಗೆ 8

ಉಸ್ಮಾನಾಕನ ಫೋನ್. ಅಣೆಕಟ್ಟಿನವರು ರಾತ್ರಿಯಿಂದ ಗುಂಡಿಗೆ ಪಂಪು ಹಾಕಿದ್ದಾರಂತೆ. ನೀರು ಮೊಣಕಾಲಿಗೆ ಇಳಿದಿದೆಯಂತೆ.

"ದೊಡ್ಡದೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಉಂಟು ಮೋಳೆ. ನಾನು ಬರೆದುಕೊಡ್ತೇನೆ. ಈಗ ಆಗ್ತದಾ?"

ಮೇಡಂ ಫೋನ್ ಎತ್ತುತ್ತಿಲ್ಲ. ಇರ್ಷಾದ್ ಕಾರು ತೆಗೆದ. ಅಲ್ಲಿಗೆ ಒಂದೂವರೆ ಗಂಟೆ. ಅಷ್ಟರೊಳಗೆ—