ಲಂಡನ್ನಿನವರ ಮುಂದೆ ಅವ್ವ

ಫೆಬ್ರವರಿ 3
ಚಳ್ಳಕೆರೆ ಆಫೀಸು. ಮತ್ತದೇ ಟೀ, ಪ್ರಿಂಟರ್ ಜಾಮ್. ಮ್ಯಾನೇಜರ್ ಜಯದೇವಪ್ಪನವರ ನಗು ನೋಡಿದರೆ ಮೈ ಉರಿಯುತ್ತದೆ. ನನ್ನಿವಾಳದ ಕಡೆ ನಮ್ಮ ಕಂಪನಿಯ ಸೋಲಾರ್ ಪಾರ್ಕಿನ ಬೇಲಿಯೊಳಗೆ ಕುರಿ ನುಗ್ಗಿದವೆಂದು ಶೆಡ್ಡಿನಲ್ಲಿ ಕೂಡಿಹಾಕಿಸಿದ್ದು ಇವರೇ. ನೀರಿಲ್ಲದೆ ಮರಿಗಳು ಸತ್ತವು. ಅವು ಅವ್ವನ ಕುರಿ. ನಾನು ಆಕೆಯ ಮಗಳೆಂದು ಇವರಿಗೆ ಗೊತ್ತಿಲ್ಲ. ಗೊತ್ತಾಗುತ್ತೆ...

ಫೆಬ್ರವರಿ 6, ಮಧ್ಯಾಹ್ನ
ಲಂಡನ್ನಿಂದ ಒಬ್ಬರು ಬರುತ್ತಾರಂತೆ, ನಮ್ಮ ಕಂಪನಿಯ ಸಾಲಪತ್ರ, ಅದೇ ಬಾಂಡ್, ಕೊಂಡವರ ಪರವಾಗಿ ಜಾಗ ನೋಡಲು. ಜಯದೇವಪ್ಪನವರನ್ನು ಕೇಳಿದೆ— "ಇಲ್ಲಿ ಬ್ಯಾಂಕ್ ಇಲ್ವಾ ಸಾರ್? ಅಷ್ಟು ದೂರದ ಸಾಲ ಯಾಕೆ?"
ಖುಷಿಯಲ್ಲಿದ್ದರು. "ಇಲ್ಲಿ ಬಡ್ಡಿ ಜಾಸ್ತಿ ಕಣಮ್ಮ. ಇಷ್ಟು ದೊಡ್ಡ ಮೊತ್ತ ಒಂದೇ ಬ್ಯಾಂಕು ಕೊಡಲ್ಲ. ಹೊರಗಡೆ ಬಾಂಡ್ ಮಾರಿದ್ರೆ ಎಷ್ಟೋ ಜನ ಕೊಳ್ತಾರೆ, ವರ್ಷಗಟ್ಟಲೆ ಅಸಲು ಕೇಳಲ್ಲ. ಸರ್ಕಾರಗಳೂ ಮಾಡೋದು ಇದನ್ನೇ. ತೀರಿಸೋದು ಡಾಲರಲ್ಲಿ, ಅದು ಏರಿದ್ರೆ ಮಾತ್ರ ಪೆಟ್ಟು."
"ಅವ್ರು ಏನು ನಂಬಿ ಕೊಡ್ತಾರೆ?"
"ಹೆಸರು. ಊರಿನವರಿಗೆ ತೊಂದರೆ ಮಾಡಲ್ಲ ಅಂತ ಮಾತು ಕೊಟ್ಟೀವಿ. ಹೆಸರು ಕೆಟ್ರೆ ಮುಂದಿನ ಬಾಂಡ್ ಯಾರೂ ಮುಟ್ಟಲ್ಲ."
ಎಲ್ಲಿ ಹೊಡೆಯಬೇಕೆಂದು ಅವರೇ ತೋರಿಸಿದರು.

ಫೆಬ್ರವರಿ 7
ಲಂಡನ್ನಿನವರಿಗೆ ಎಲ್ಲ ಇಂಗ್ಲಿಷಿನಲ್ಲಿ ಹೇಳಲು ನಾನೇ ಅಂತೆ. ಅವ್ವನಿಗೆ ಫೋನ್. "ನಾಳಿದ್ದು ಗೇಟ್ ಹತ್ರ ಬಾ ಅವ್ವ."
"ಯಾಕೆ ಪುಷ್ಪಾ, ಮತ್ತೆ ಜಗಳಾನಾ?"
"ಆಗಿದ್ದು ಹೇಳು. ಸಾಕು."

ಫೆಬ್ರವರಿ 9
ಲಂಡನ್ನಿನ ಹೆಂಗಸು ಗೇಟಿನಲ್ಲಿ ಅವ್ವನನ್ನು ಕಂಡು ನಿಂತರು. ಅವ್ವ— "ನಮ್ ದಾರಿ ಮುಚ್ಯಾರೆ ತಾಯಿ. ಕುರಿ ಹಿಡ್ಕಂಡು ನೀರು ಕುಡಿಸ್ಲಿಲ್ಲ. ಮರಿ ಸತ್ವು."
ಜಯದೇವಪ್ಪ ನನ್ನ ಕಿವಿಯಲ್ಲಿ— "ಕೆಲಸ ಕೇಳ್ತಾಳೆ ಅಂತ ಹೇಳಮ್ಮ."
ಅವ್ವನ ಒಂದು ಮಾತೂ ಬಿಡದೆ ಹೇಳಿದೆ. ಆಮೇಲೆ ಇದನ್ನೂ— "ಸುಳ್ಳು ಹೇಳು ಅಂದರು ಇವರು, ಈಗ ತಾನೇ. ಈಕೆ ನನ್ನ ತಾಯಿ."
ಜಯದೇವಪ್ಪನ ಮುಖ ಸುಣ್ಣ. ಹಾ!

ಮಾರ್ಚ್ 14
ನನ್ನ ಕೆಲಸ ಅವತ್ತೇ ಹೋಯಿತು. ಹೋಗಲಿ. ಕಂಪನಿಯ ಹೊಸ ಬಾಂಡ್ ಯಾರೂ ಕೊಳ್ಳದೆ ನಿಂತುಹೋಗಿದೆ. ಬೇಲಿಯಲ್ಲಿ ಕುರಿಗೆ ದಾರಿ ಬಿಡಿಸಿದ್ದಾರೆ. ಜಯದೇವಪ್ಪ ಸಸ್ಪೆಂಡ್. ಸಾಲದು. ಅವ್ವನ ಮುಂದೆ ತಲೆ ತಗ್ಗಿಸಬೇಕು ಅವನು.

ಮಾರ್ಚ್ 20, ಸಂಜೆ
ಜಯದೇವಪ್ಪ ಬಂದ. ಬಾಗಿಲಲ್ಲೇ ನಿಂತು ಅವ್ವನಿಗೆ— "ತಪ್ಪಾಯ್ತು ಪಾತಮ್ಮಾರೆ. ನೀವು ಕಂಪನಿಗೊಂದು ಮಾತು ಹೇಳಿದ್ರೆ ನನ್ನ ಕೆಲಸ ಉಳಿಯುತ್ತೆ."
ಇನ್ನಷ್ಟು ಹೊತ್ತು ನಿಲ್ಲಿಸಬೇಕೆಂದಿದ್ದೆ. ಅನ್ನಬೇಕಾದ್ದನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅವ್ವ ಮಜ್ಜಿಗೆ ತಂದು, "ಬಿಸ್ಲಾಗೆ ಬಂದೀಯ, ಕೂತ್ಕಳಪ್ಪ" ಅಂದಳು. ಚಾಪೆ ಬೇರೆ!
ಕುಡಿದ. ಲೋಟ ಕೆಳಗಿಟ್ಟು ಅತ್ತ. ಅವ್ವನ ಮೇಲೆ ಬಂದಷ್ಟು ಸಿಟ್ಟು ಅವನ ಮೇಲೂ ಬಂದಿರಲಿಲ್ಲ.
ಈಗ ಕರೆಯುತ್ತಿದ್ದಾಳೆ— "ಪುಷ್ಪಾ, ಬಾರೆ ಇಲ್ಲಿ. ಏನು ಹೇಳಾನ ಇವ್ರಿಗೆ?" ನನ್ನನ್ನೇ ಕೇಳುತ್ತಿದ್ದಾಳೆ. ಹೋಗಿ ನಾನು ಏನನ್ನಲಿ— ಅವನ ಕೆಲಸ ಉಳಿಯಲಿ ಅಂತಲೋ, ಹೋಗಲಿ ಅಂತಲೋ?